ಝೆರಾಕ್ಸ್ ಕಳಿಸುತ್ತಿದ್ದ ನಮ್ಮ ಸಂಘ ಈಗ ಮಾಡುತ್ತಿರುವ ಕೆಲಸ

2025ರ ಬೇಸಿಗೆಯಲ್ಲಿ ನಮ್ಮ ಗ್ರಂಥಪಾಲಕರ ಸಂಘವನ್ನು ಮುಚ್ಚುವ ಠರಾವು ಟೈಪಾಗಿ ರೆಡಿ ಇತ್ತು. ಟೈಪ್ ಮಾಡಿದವರು ನಮ್ಮ ಖಜಾಂಚಿ. ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಂಘದ ಕೆಲಸ ಮುಗಿಯಿತು, ಗೌರವದಿಂದ ಬಾಗಿಲು ಹಾಕೋಣ ಅಂತ ಅವರಿಗೆ ಪ್ರಾಮಾಣಿಕವಾಗಿ ಅನಿಸಿತ್ತು. ಆಗ ನಾನು ಕಾರ್ಯದರ್ಶಿ. ಆ ಠರಾವು ಸಭೆಗೆ ಬಂತು, ಜೋರು ಚರ್ಚೆಯಾಯಿತು, ಬಿದ್ದು ಹೋಯಿತು. ಅದರ ಜಾಗದಲ್ಲಿ ಬೇರೆಯೇ ಒಂದು ಠರಾವು ಬಂತು. ಅಲ್ಲಿಂದ ಇಲ್ಲಿಯವರೆಗೆ ಏನೇನಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಬೇರೆ ಜಿಲ್ಲೆಗಳ ಲೈಬ್ರರಿಯನ್ನರು ಆಗಾಗ ಕೇಳುತ್ತಿರುತ್ತಾರೆ. ತಾಲೂಕು ಆಸ್ಪತ್ರೆಗಳ ಡಾಕ್ಟರು, ನರ್ಸುಗಳಿಗೂ ಇದು ಗೊತ್ತಿರಲಿ ಅನ್ನೋದು ನನ್ನ ಆಸೆ.

ನಮ್ಮದು ಆರೋಗ್ಯ ವಿಷಯದ ಗ್ರಂಥಪಾಲಕರ ಸಣ್ಣ ಸಂಘ. ಕಾರವಾರದಿಂದ ಭಟ್ಕಳದ ತನಕ ಕರಾವಳಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ, ಜೊತೆಗೆ ಅಕ್ಕಪಕ್ಕದ ಜಿಲ್ಲೆಗಳ ಕೆಲವರು. ಮೆಡಿಕಲ್, ನರ್ಸಿಂಗ್, ಡೆಂಟಲ್, ಆಯುರ್ವೇದ, ಫಾರ್ಮಸಿ ಕಾಲೇಜುಗಳ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಹೆಚ್ಚಿನ ಕಡೆ ಒಂದು ಲೈಬ್ರರಿಗೆ ಒಬ್ಬರೇ. ರಜೆ ಹಾಕಿದರೆ ಬೀಗ. ಇಂಥ ಒಂಟಿ ಕೆಲಸದವರಿಗೆ ಸಂಘ ಅಂದರೆ ಫೋನ್ ಮಾಡಿ ಕೇಳಲು ಒಬ್ಬರು ಇದ್ದಾರೆ ಅನ್ನುವ ಧೈರ್ಯ.

ಶುರುವಿನಲ್ಲಿ ನಮ್ಮ ಕೆಲಸವೆಲ್ಲ ಕಾಗದದ್ದು. ವೈದ್ಯಕೀಯ ಜರ್ನಲ್‌ಗಳ, ಅಂದರೆ ಸಂಶೋಧನಾ ಲೇಖನಗಳು ಬರುವ ಪತ್ರಿಕೆಗಳ, ಚಂದಾ ಯಾವತ್ತೂ ದುಬಾರಿ. ಸಣ್ಣ ಕಾಲೇಜುಗಳು ನಾಲ್ಕಾರು ತರಿಸಿದರೆ ಹೆಚ್ಚು. ಹಾಗಾಗಿ ಯಾರ ಹತ್ತಿರ ಯಾವ ಜರ್ನಲ್, ಯಾವ ವರ್ಷದಿಂದ ಯಾವ ವರ್ಷದ ತನಕ ಇದೆ ಅಂತ ನಾವೊಂದು ಒಟ್ಟು ಪಟ್ಟಿ ಮಾಡಿಕೊಂಡಿದ್ದೆವು. ಒಬ್ಬ ಪ್ರೊಫೆಸರ್‌ಗೆ ಒಂದು ಲೇಖನ ಬೇಕೆಂದರೆ ಪಟ್ಟಿ ನೋಡಿ ಫೋನ್ ಮಾಡುವುದು. ಆ ಕಡೆಯವರು ಝೆರಾಕ್ಸ್ ತೆಗೆದು, ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಹೆಸರು ಬರೆದು ಬಸ್ಸಿಗೆ ಹಾಕುತ್ತಿದ್ದರು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಎಲ್ಲಿಂದ ಬಂದರೂ ಸಂಜೆಯ ಬಸ್ಸು. ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಯಿಂದ ಕವರ್ ಇಸಿದುಕೊಂಡರೆ ಆ ದಿನ ಕೆಲಸ ಆಯಿತು ಅಂತ ಸಮಾಧಾನ. 1953ರಲ್ಲಿ ಶುರುವಾದ ಮಣಿಪಾಲದ ಮೆಡಿಕಲ್ ಕಾಲೇಜು ಹತ್ತಿರದಲ್ಲೇ ಇದ್ದದ್ದು ನಮ್ಮ ಕರಾವಳಿಯ ಪುಣ್ಯ. ಅಲ್ಲಿನ ಜರ್ನಲ್ ಸಂಗ್ರಹ ನಮ್ಮ ಎಷ್ಟೋ ಪ್ರೊಫೆಸರ್‌ಗಳ ಸಂಶೋಧನೆಗೆ ದಾರಿ ಮಾಡಿಕೊಟ್ಟಿದೆ.

ಲೇಖನ ಇದೆ ಅಂತ ಗೊತ್ತಾಗಬೇಕಾದರೆ ಸೂಚಿ ನೋಡಬೇಕಿತ್ತು. ಇಂಡೆಕ್ಸ್ ಮೆಡಿಕಸ್ ಅಂತ ದಪ್ಪ ದಪ್ಪ ಸಂಪುಟಗಳು. 1879ರಲ್ಲಿ ಅಮೆರಿಕದಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಶುರು ಮಾಡಿದ್ದು, 2004ರ ತನಕ ಅಚ್ಚಾಯಿತು. ಜಗತ್ತಿನ ಜರ್ನಲ್‌ಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು, ಲೇಖಕರವಾರು ಪಟ್ಟಿ ಮಾಡಿದ ಪುಸ್ತಕ. 1997ರಲ್ಲಿ ಅದೇ ಮಾಹಿತಿ ಪಬ್‌ಮೆಡ್ ಅನ್ನುವ ಹೆಸರಲ್ಲಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. 2003ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹೆಲಿನೆಟ್ ಶುರು ಮಾಡಿತು. ಕಾಲೇಜುಗಳೆಲ್ಲ ಸೇರಿ ಒಟ್ಟಿಗೆ ಇ-ಜರ್ನಲ್ ಕೊಳ್ಳುವ ವ್ಯವಸ್ಥೆ ಅದು. ಒಂದೊಂದು ಹೆಜ್ಜೆಗೂ ನಮ್ಮ ಬಸ್ಸಿನ ಕವರುಗಳು ಕಡಿಮೆಯಾಗುತ್ತಾ ಬಂದವು.

ಕೊನೆಯ ಪೆಟ್ಟು ಬಿದ್ದದ್ದು 2024ರ ನವೆಂಬರ್ 25ಕ್ಕೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ದಿನ. ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಒಟ್ಟಿಗೆ ಕಟ್ಟಿ, ಆನ್‌ಲೈನ್‌ನಲ್ಲಿ ಓದಲು ಕೊಡುವ ಯೋಜನೆ ಅದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ, ಅಂದರೆ ಹತ್ತಿರ ಹತ್ತಿರ 1.8 ಕೋಟಿ ಜನರಿಗೆ ಲಾಭ. 2025ರ ಜನವರಿಯಿಂದ ಜಾರಿ. ಸುದ್ದಿ ಓದಿ ನನಗೆ ನಿಜವಾಗಿ ಖುಷಿಯಾಯಿತು. ಯಾವ ಲೇಖನಕ್ಕೆ ನಾವು ವಾರಗಟ್ಟಲೆ ಕಾಯುತ್ತಿದ್ದೆವೋ ಅದು ಈಗ ವಿದ್ಯಾರ್ಥಿಯ ಬೆರಳ ತುದಿಯಲ್ಲಿ. ಆ ಖುಷಿಯ ಜೊತೆಗೇ ಖಜಾಂಚಿಯವರ ಫೋನ್ ಬಂತು. "ಇನ್ನು ನಮ್ಮ ಸಂಘಕ್ಕೆ ಎಂತ ಕೆಲಸ ಮೇಡಂ?"

ಸಭೆ ಶಿರಸಿಯಲ್ಲಿ ಇಟ್ಟುಕೊಂಡೆವು. ಕೆಳಗಿನವರು ಘಟ್ಟ ಹತ್ತಿ ಬಂದರು, ಹುಬ್ಬಳ್ಳಿ ಕಡೆಯವರು ಯಲ್ಲಾಪುರ ದಾರಿಯಲ್ಲಿ ಬಂದರು. ಅವಲಕ್ಕಿ, ಕಷಾಯ ಮುಗಿದ ಮೇಲೆ ಖಜಾಂಚಿ ಠರಾವು ಓದಿದರು. ಅವರ ವಾದ ಸರಳವಾಗಿತ್ತು. ಬೈಲಾದಲ್ಲಿ ನಮ್ಮ ಮೊದಲ ಉದ್ದೇಶ ಲೇಖನಗಳ ವಿನಿಮಯ. ವಿನಿಮಯ ನಿಂತಿದೆ. ವರ್ಷಕ್ಕೊಂದು ಸಭೆ, ಒಂದು ಆಡಿಟ್, ರಿಜಿಸ್ಟ್ರಾರ್ ಕಚೇರಿಗೆ ಒಂದು ವರದಿ, ಇಷ್ಟಕ್ಕಾಗಿ ಸಂಘ ಇಟ್ಟುಕೊಳ್ಳೋದು ಯಾಕೆ?

ಕೆಲವರು ತಲೆಯಾಡಿಸಿದರು. ಆಗ ಎದ್ದು ನಿಂತವರು ಸಣ್ಣ ನರ್ಸಿಂಗ್ ಕಾಲೇಜೊಂದರ ಲೈಬ್ರರಿಯನ್. ಸಭೆಯಲ್ಲಿ ಯಾವತ್ತೂ ಮಾತಾಡದ ಹುಡುಗಿ. "ಅಕ್ಕಾ, ಆ 13,000 ಜರ್ನಲ್ ನಮ್ಮ ಕಾಲೇಜಿಗಿಲ್ಲ. ನಮ್ಮದು ಖಾಸಗಿ. ತಾಲೂಕು ಆಸ್ಪತ್ರೆಯ ಡಾಕ್ಟರಿಗೂ ಇಲ್ಲ, ಅವರು ಕಾಲೇಜಿನವರಲ್ಲ. ಕೆಲಸ ಮುಗೀತು ಅಂತ ಹೇಳ್ತಿರೋದು ಯಾರ ಪಾಲಿಗೆ?" ಅಂದಳು.

ಅವಳು ಹೇಳಿದ್ದು ಸರಿ ಇತ್ತು. ಯೋಜನೆಯ ಮೊದಲ ಹಂತ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ನಮ್ಮ ಜಿಲ್ಲೆಯನ್ನು ಬಲ್ಲವರಿಗೆ ಇದರ ಅರ್ಥ ತಕ್ಷಣ ತಿಳಿಯುತ್ತದೆ. ಇಲ್ಲಿ ಊರುಗಳು ದೂರ ದೂರ, ನಡುವೆ ಘಟ್ಟ, ಹೊಳೆ, ಕಾಡು. ದೊಡ್ಡ ಕಾಯಿಲೆ ಬಂದರೆ ಗೋವಾ, ಮಂಗಳೂರು, ಹುಬ್ಬಳ್ಳಿಗೇ ಓಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ 2022ರಲ್ಲಿ ಬೀದಿಗಿಳಿದಿದ್ದರು. ಅಲ್ಲಿಯ ತನಕ ರೋಗಿಯನ್ನು ಮೊದಲು ನೋಡುವವರು ತಾಲೂಕು ಆಸ್ಪತ್ರೆಯವರು, ಪ್ರಾಥಮಿಕ ಆರೋಗ್ಯ ಕೇಂದ್ರದವರು. ಪುಸ್ತಕ, ಜರ್ನಲ್, ಲೈಬ್ರರಿ ಯಾವುದೂ ಇಲ್ಲದೆ ಕೆಲಸ ಮಾಡುವವರೂ ಅವರೇ.

"ಸರಿ, ಆದರೆ ಪಬ್‌ಮೆಡ್ ಪುಕ್ಕಟೆ ಇದೆಯಲ್ಲ. ಹುಡುಕೋದು ಯಾರಿಗೆ ಬರೋದಿಲ್ಲ? ಮೊಬೈಲ್ ಇದ್ದರೆ ಸಾಕು" ಅಂತ ಇನ್ನೊಬ್ಬರು ಕೇಳಿದರು. ಅದಕ್ಕೆ ನಮ್ಮ ಹಿರಿಯ ಸದಸ್ಯರು, ನಿವೃತ್ತರಾದರೂ ಸಭೆ ತಪ್ಪಿಸದವರು, ಒಂದು ಘಟನೆ ಹೇಳಿದರು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಒಂದು ಪ್ರಯೋಗ ನಡೆದಿತ್ತು. ಆರೋಗ್ಯವಾಗಿದ್ದ 24 ವರ್ಷದ ಯುವತಿಯೊಬ್ಬಳು ಸ್ವಯಂಸೇವಕಿಯಾಗಿ ಸೇರಿದ್ದಳು. ಹೆಕ್ಸಮೆಥೋನಿಯಂ ಅನ್ನುವ ಔಷಧವನ್ನು ಉಸಿರಿನ ಮೂಲಕ ಕೊಟ್ಟರು. ಅವಳ ಶ್ವಾಸಕೋಶ ಹಾಳಾಯಿತು, ಜೀವ ಹೋಯಿತು. ಆ ಔಷಧ ಶ್ವಾಸಕೋಶಕ್ಕೆ ಅಪಾಯ ಅಂತ 1950ರ ದಶಕದ ಲೇಖನಗಳಲ್ಲೇ ಬಂದಿತ್ತು. ಆದರೆ ಆಗ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಿಗುತ್ತಿದ್ದದ್ದು 1966ರಿಂದ ಈಚಿನದು. ಅದಕ್ಕಿಂತ ಹಿಂದಿನದು ಅಚ್ಚಿನ ಸಂಪುಟಗಳಲ್ಲಿತ್ತು. ಜಗತ್ತಿನ ಮೆಡಿಕಲ್ ಲೈಬ್ರರಿಯನ್ನರೆಲ್ಲ ಆ ಸಾವಿನ ಬಗ್ಗೆ ಮಾತಾಡಿದರು. "ಹುಡುಕಾಟ ಎಲ್ಲಿಗೆ ನಿಲ್ತದೆ ಅಂತ ಗೊತ್ತಿರಬೇಕು. ಅದು ನಮ್ಮ ವಿದ್ಯೆ" ಅಂದರು ಹಿರಿಯರು. ಸಭೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಠರಾವು ಬಿದ್ದು ಹೋಯಿತು. ಒಂದು ವರ್ಷದ ಪ್ರಯೋಗ ಮಾಡೋಣ ಅಂತ ತೀರ್ಮಾನವಾಯಿತು. ಜಿಲ್ಲೆಯ ಸರ್ಕಾರಿ ಡಾಕ್ಟರು, ನರ್ಸುಗಳು ಪ್ರಶ್ನೆ ಕೇಳಬಹುದು, ನಾವು ಹುಡುಕಿ ಕೊಡುವುದು. ಖಜಾಂಚಿಯವರೇ ಮೊದಲು ತಮ್ಮ ಹೆಸರು ಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಅವತ್ತು ಗೌರವ ಹೆಚ್ಚಾಯಿತು.

ನಿರ್ಧಾರ ಮಾಡೋದು ಸುಲಭ. ಅದನ್ನು ನಡೆಸೋದು ಹೇಗೆ ಅನ್ನುವುದೇ ದೊಡ್ಡ ಮಾತಾಯಿತು. ಮೊದಲ ತಕರಾರು ಹೊಣೆಯದ್ದು. ನಾವು ಡಾಕ್ಟರಲ್ಲ. ನಾವು ಕೊಟ್ಟದ್ದನ್ನು ನಂಬಿ ಯಾರಾದರೂ ಚಿಕಿತ್ಸೆ ಮಾಡಿ, ಹೆಚ್ಚುಕಮ್ಮಿಯಾದರೆ? ಈ ಭಯ ಸುಮ್ನೆ ಹುಟ್ಟಿದ್ದಲ್ಲ, ಹಾಗಾಗಿ ಅದಕ್ಕೆ ತುಂಬಾ ಸಮಯ ಕೊಟ್ಟೆವು. ಕೊನೆಗೆ ಬರೆದಿಟ್ಟ ನಿಯಮ ಹೀಗೆ. ನಾವು ಸಲಹೆ ಕೊಡುವುದಿಲ್ಲ. ಏನು ಪ್ರಕಟವಾಗಿದೆ, ಎಲ್ಲಿ, ಯಾವಾಗ, ಯಾವ ಥರದ ಅಧ್ಯಯನ ಅನ್ನೋದನ್ನು ಕೊಡುತ್ತೇವೆ. ಎಲ್ಲೆಲ್ಲಿ ಹುಡುಕಿದೆವು, ಎಲ್ಲಿ ಹುಡುಕಲು ಆಗಲಿಲ್ಲ ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇವೆ. ರೋಗಿಯ ಹೆಸರು, ಊರು ಕೇಳುವುದಿಲ್ಲ, ಹೇಳಿದರೂ ಬರೆದುಕೊಳ್ಳುವುದಿಲ್ಲ. ಪ್ರತಿ ಪ್ರಶ್ನೆಯನ್ನೂ ಇಬ್ಬರು ಬೇರೆ ಬೇರೆಯಾಗಿ ಹುಡುಕಬೇಕು.

ಕೊನೆಯ ನಿಯಮಕ್ಕೆ ವಿರೋಧವಿತ್ತು. ಇರುವ ಜನವೇ ಕಡಿಮೆ, ಇಬ್ಬಿಬ್ಬರು ಯಾಕೆ ಅಂತ. ನಾನು ಪಟ್ಟು ಬಿಡಲಿಲ್ಲ. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ದೊಡ್ಡ ದೊಡ್ಡ ವಿಮರ್ಶಾ ಅಧ್ಯಯನಗಳಲ್ಲೂ ಲೇಖನ ಆರಿಸುವಾಗ ಇಬ್ಬರು ಇರುತ್ತಾರೆ. ನಮಗೆ ಯಾಕೆ ಬೇಡ?

ಪ್ರಶ್ನೆ ಬರೆಸಿಕೊಳ್ಳಲು ಒಂದು ಫಾರಂ ಮಾಡಿದೆವು. ರೋಗಿ ಎಂಥವರು, ಏನು ಮಾಡಬೇಕೆಂದಿದ್ದೀರಿ, ಅದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ, ಯಾವ ಫಲಿತಾಂಶ ಬೇಕು. ಜಗತ್ತಿನ ಲೈಬ್ರರಿಯನ್ನರೆಲ್ಲ ಬಳಸುವ ಪೈಕೋ ಅನ್ನುವ ಮಾದರಿ ಇದು. ಇದರಿಂದ ಬಂದ ಲಾಭ ನಮಗಿಂತ ಡಾಕ್ಟರುಗಳಿಗೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಫಾರಂ ತುಂಬುವಾಗಲೇ ತಮಗೆ ನಿಜವಾಗಿ ಏನು ಬೇಕು ಅನ್ನೋದು ಸ್ಪಷ್ಟವಾಗುತ್ತದೆ ಅಂತ ಒಬ್ಬರು ಹೇಳಿದರು.

ಮೊದಲ ಕೆಲವು ವಾರ ಫೋನ್ ಬರಲೇ ಇಲ್ಲ. ಲೈಬ್ರರಿಯವರನ್ನು ಕೇಳುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ಆಮೇಲೆ ಒಂದೊಂದಾಗಿ ಬಂತು. ಗರ್ಭಿಣಿಯ ಮೂರ್ಛೆರೋಗದ ಔಷಧ, ಸಕ್ಕರೆ ಕಾಯಿಲೆಯ ಗಾಯಕ್ಕೆ ಡ್ರೆಸ್ಸಿಂಗ್, ಹೀಗೆ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಮಳೆಗಾಲದ ಒಂದು ರಾತ್ರಿ. ಘಟ್ಟದ ಸೆರಗಿನ ಸರ್ಕಾರಿ ಆಸ್ಪತ್ರೆಯೊಂದರಿಂದ ಡ್ಯೂಟಿ ಡಾಕ್ಟರ ಫೋನ್. "ಮೇಡಂ, ಹಾವು ಕಚ್ಚಿದ ಕೇಸು. ತೋಟದಲ್ಲಿ ಅಡಿಕೆ ಹೆಕ್ಕುವಾಗ ಕಚ್ಚಿದ್ದು. ಎಎಸ್‌ವಿ ಕೊಟ್ಟಿದ್ದೇವೆ, ರಕ್ತ ಇನ್ನೂ ಹೆಪ್ಪುಗಟ್ತಾ ಇಲ್ಲ. ಹಾವಿನ ಫೋಟೋ ಇದೆ, ಗುಳಿಮಂಡಲದ ಹಾಗೆ ಕಾಣ್ತದೆ, ಮೂತಿ ಮೇಲೆ ಎದ್ದಿದೆ. ಇದಕ್ಕೆ ಇನ್ನೂ ಎಎಸ್‌ವಿ ಕೊಟ್ಟು ಉಪಯೋಗ ಉಂಟಾ ಅಂತ ಎಲ್ಲಾದ್ರೂ ಬರೆದಿದ್ದಾರಾ?"

ಹಾವು ಕಡಿದವರ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ತಗುಲಿದೆ ಅಂತ ಲೆಕ್ಕ. ದುಬಾರಿ ಯಂತ್ರ ಬೇಡದ ಪರೀಕ್ಷೆ, ಯಾವ ಸಣ್ಣ ಆಸ್ಪತ್ರೆಯಲ್ಲೂ ಆಗುತ್ತದೆ. ಇನ್ನು ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು. ನಮ್ಮ ದೇಶದಲ್ಲಿ ಅದನ್ನು ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಗುಳಿಮಂಡಲಗಳು ಆ ನಾಲ್ಕರಲ್ಲಿ ಇಲ್ಲ. ಡಾಕ್ಟರಿಗೆ ಇದು ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಆಧಾರ.

ನಾನು ಕಾರವಾರದಲ್ಲಿ, ಆ ನರ್ಸಿಂಗ್ ಕಾಲೇಜಿನ ಹುಡುಗಿ ಘಟ್ಟದ ಮೇಲೆ ಅವಳ ಮನೆಯಲ್ಲಿ, ಇಬ್ಬರೂ ಹುಡುಕಲು ಕೂತೆವು. ಹಾವಿನ ಇಂಗ್ಲಿಷ್ ಹೆಸರಿನಲ್ಲೇ ಎರಡು ಮೂರು ರೂಪ. ಒಬ್ಬೊಬ್ಬ ಲೇಖಕರು ಒಂದೊಂದು ಬರೆಯುತ್ತಾರೆ. ಹಾಗಾಗಿ ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್ ಹಾಕಬೇಕು. ಅದೂ ಸಾಲದು. ಹಳೆಯ ಲೇಖನಗಳಲ್ಲಿ ಇದೇ ಹಾವು ಆಂಸಿಸ್ಟ್ರೋಡಾನ್ ಅನ್ನುವ ಬೇರೆ ಕುಲದ ಹೆಸರಿನಲ್ಲಿದೆ. ಅದನ್ನು ಹಾಕಿದ ಮೇಲೆ ಇನ್ನೊಂದಿಷ್ಟು ಬಂದವು. ಕೇರಳದ ಡಾಕ್ಟರುಗಳು 2007ರಲ್ಲಿ ಪ್ರಕಟಿಸಿದ ವರದಿ ಸಿಕ್ಕಿತು. ಈ ಹಾವಿನ ಕಡಿತ ಭಾರತದಲ್ಲಿ ಜೀವಕ್ಕೆ ಅಪಾಯ ತಂದದ್ದನ್ನು ಹಾವನ್ನು ಖಚಿತವಾಗಿ ಗುರುತಿಸಿ ದಾಖಲಿಸಿದ ಮೊದಲ ವರದಿ ಅದು. ಶ್ರೀಲಂಕಾದಲ್ಲಿ ಈ ಹಾವಿನ ಕಡಿತ ಬಹಳ, ಅಲ್ಲಿನ ಅಧ್ಯಯನಗಳೂ ಸಿಕ್ಕವು. ನಮ್ಮ ಎಎಸ್‌ವಿ ಈ ವಿಷಕ್ಕೆ ಕೆಲಸ ಮಾಡಿಲ್ಲ, ಮೂತ್ರಪಿಂಡದ ಮೇಲೆ ಕಣ್ಣಿಡಬೇಕು ಅನ್ನುವುದು ಅವುಗಳಲ್ಲಿ ಇತ್ತು. ಲೇಖನಗಳ ಜೊತೆ ಒಂದು ಪುಟದ ಟಿಪ್ಪಣಿ ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆವು. ಕರ್ನಾಟಕದ ಕೇಸುಗಳ ಬಗ್ಗೆ ನಮಗೆ ಸಿಕ್ಕಿದ್ದು ಕಡಿಮೆ ಅಂತಲೂ ಅದರಲ್ಲಿ ಬರೆದೆವು.

ರೋಗಿಯನ್ನು ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕಳಿಸಲು ಡಾಕ್ಟರು ನಿರ್ಧರಿಸಿದರು. ಆ ನಿರ್ಧಾರ ಪೂರ್ತಿ ಅವರದ್ದು. ಮಾರನೇ ದಿನ ಫೋನ್ ಮಾಡಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ನನಗೆ ಅಂದಾಜಿತ್ತು ಮೇಡಂ. ಆದರೆ ಮದ್ದು ಇನ್ನೂ ಕೊಡಿ ಅಂತ ಮನೆಯವರು ಅಳ್ತಾ ಇದ್ರು. ಕೈಯಲ್ಲಿ ಕಾಗದ ಇತ್ತು, ಕೂರಿಸಿ ತೋರಿಸಿದೆ. ಒಪ್ಪಿದ್ರು."

ಹಾವು ಕಡಿತ ನಮ್ಮಲ್ಲಿ ಸಣ್ಣ ವಿಷಯ ಅಲ್ಲವೇ ಅಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ವರ್ಷಕ್ಕೆ 58,000. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಡಿಕೆ ತೋಟ, ಗದ್ದೆ, ಬೆಟ್ಟ ಸುತ್ತುವ ನಮ್ಮ ಜನಕ್ಕೆ ಇದು ದಿನದ ಮಾತು. ಹಾಗಾಗಿ ಗುಳಿಮಂಡಲದ ಆ ಒಂದು ಪುಟವನ್ನು ನಾವು ಅಲ್ಲಿಗೇ ಬಿಡಲಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಲೇಖನ ಸೇರಿಸಿ ಪರಿಷ್ಕರಿಸುವ ಜವಾಬ್ದಾರಿಯನ್ನು ಇಬ್ಬರು ಹೊತ್ತುಕೊಂಡಿದ್ದಾರೆ.

ಕಾಲೇಜಿನ ಒಳಗಿನ ಕೆಲಸವೂ ಬದಲಾಗಿದೆ. ಪಿಜಿ ವಿದ್ಯಾರ್ಥಿಗಳಿಗೆ ಪ್ರಬಂಧ ಕಡ್ಡಾಯ. ಮೊದಲು ಅವರು "ಈ ಲೇಖನ ತರಿಸಿಕೊಡಿ" ಅಂತ ಬರುತ್ತಿದ್ದರು. ಈಗ ಬರುವುದು ಪಟ್ಟಿ ಹಿಡಿದುಕೊಂಡು. ಒಬ್ಬ ವಿದ್ಯಾರ್ಥಿ ತಂದ ಪಟ್ಟಿ ಬಹಳ ಚೆಂದ ಇತ್ತು. ಲೇಖಕರ ಹೆಸರು, ಜರ್ನಲ್, ವರ್ಷ, ಪುಟ, ಪಬ್‌ಮೆಡ್ ನಂಬರ್ ಎಲ್ಲವೂ ಇದ್ದವು. ಮೊದಲ ನಂಬರ್ ಹಾಕಿ ನೋಡಿದೆ. ಮಂಗನ ಕಾಯಿಲೆಯ ಲೇಖನ ಬರಬೇಕಾದಲ್ಲಿ ಹಲ್ಲಿನ ಯಾವುದೋ ಲೇಖನ ಬಂತು. ಎರಡನೆಯದು ಇಲ್ಲವೇ ಇಲ್ಲ. ಮೂರನೆಯದರ ಜರ್ನಲ್ ನಿಜ, ಲೇಖಕರು ನಿಜ, ಆದರೆ ಆ ಲೇಖನ ಅವರು ಬರೆದೇ ಇಲ್ಲ. ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿ ಅದು. ಹುಡುಗ ಮೋಸಗಾರನಲ್ಲ. ಅಷ್ಟು ಅಚ್ಚುಕಟ್ಟಾಗಿ ಇರೋದು ಸುಳ್ಳಾಗಿರಬಹುದು ಅಂತ ಅವನಿಗೆ ಹೊಳೆದಿರಲಿಲ್ಲ. ಅವನ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಡಿದೆವು. ಸುಳ್ಳಿನದು ತೆಗೆದು ನಿಜವಾದ ಲೇಖನಗಳನ್ನು ಹಾಕಿದೆವು. 1957ರಲ್ಲಿ ಮಂಗನ ಕಾಯಿಲೆ ಮೊದಲ ಸಲ ಗುರುತಿಸಿದಾಗ ಬರೆದ ಮೂಲ ವರದಿಯ ತನಕ ಹೋದೆವು. ಅದು ಮೊದಲು ಕಂಡ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡು ಇಲ್ಲಿಂದ ಎಷ್ಟು ದೂರ? ಸಿದ್ದಾಪುರದಲ್ಲಿ ಈಗಲೂ ಆ ಕಾಯಿಲೆಗೆ ಜನ ಹೆದರುತ್ತಾರೆ. ಅದರ ಬಗ್ಗೆ ಬರೆಯುವ ಪ್ರಬಂಧದಲ್ಲಿ ಹುಟ್ಟಿಲ್ಲದ ಲೇಖನಗಳು ಇರಬಾರದು. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಇದೇ ಥರ ಹಿಂತೆಗೆದುಕೊಂಡ ಲೇಖನಗಳ, ಅಂದರೆ ಪ್ರಕಟವಾದ ಮೇಲೆ ನಂಬುವಂಥದ್ದಲ್ಲ ಅಂತ ವಾಪಸ್ ಪಡೆದ ಲೇಖನಗಳ, ಸಮಸ್ಯೆ. 2020ರ ಮೇ ತಿಂಗಳಲ್ಲಿ, ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಬಗ್ಗೆ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಬಂದ ಲೇಖನವನ್ನು ಜೂನ್ ಮೊದಲ ವಾರದಲ್ಲೇ ಹಿಂತೆಗೆದರು. ಆದರೂ ಅಂಥ ಲೇಖನಗಳು ಇನ್ನೂ ಪ್ರಬಂಧಗಳಲ್ಲಿ ಆಧಾರವಾಗಿ ಬರುತ್ತಿರುತ್ತವೆ. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳ ಇಮೇಲ್ ಅಂತೂ ದಿನಾ. ಬಡ್ತಿಗೆ ಪ್ರಕಟಣೆ ಬೇಕು, ಹಾಗಾಗಿ ಯುವ ಪ್ರಾಧ್ಯಾಪಕರು ಬಲೆಗೆ ಬೀಳುತ್ತಾರೆ. ನಮ್ಮ ಸದಸ್ಯರು ಈಗ ಎಲ್ಲಾ ಕಾಲೇಜಿನಲ್ಲೂ ವರ್ಷಕ್ಕೊಮ್ಮೆ ಈ ಬಗ್ಗೆ ಪಾಠ ಮಾಡುತ್ತಾರೆ. ಒಬ್ಬರು ತಯಾರು ಮಾಡಿದ ಪಾಠವನ್ನು ಎಲ್ಲರೂ ಬಳಸುತ್ತಾರೆ.

ಹಳೆಯ ಒಟ್ಟು ಪಟ್ಟಿಯನ್ನೂ ನಾವು ಎಸೆಯಲಿಲ್ಲ. ಅದನ್ನು ತಿರುಗಿಸಿ ಬಳಸಿದೆವು. ಮೊದಲು ಯಾರ ಹತ್ತಿರ ಏನಿದೆ ಅಂತ ತಿಳಿಯಲು ಅದು ಬೇಕಿತ್ತು. ಈಗ ಯಾವ ಅಚ್ಚಿನ ಸಂಪುಟವನ್ನು ರದ್ದಿಗೆ ಹಾಕಬಾರದು ಅಂತ ತೀರ್ಮಾನಿಸಲು ಬೇಕು. ಕರಾವಳಿಯ ಮಳೆಯಲ್ಲಿ ಕಾಗದ ಉಳಿಸೋದು ಎಂಥ ಕಷ್ಟ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಬೈಂಡಿಗೆ ಬೂಸ್ಟು, ಹಾಳೆಯೊಳಗೆ ಬೆಳ್ಳಿಮೀನು ಹುಳ. ಜಾಗ ಬೇಕು ಅಂತ ಆಡಳಿತದವರು ಕೇಳುತ್ತಲೇ ಇರುತ್ತಾರೆ. ಎಲ್ಲರೂ ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಒಂದೊಂದು ಜರ್ನಲ್‌ನ ಹಳೆಯ ಸಂಪುಟಗಳನ್ನು ಒಬ್ಬೊಬ್ಬರು ಕಾಯುವುದು ಅಂತ ಹಂಚಿಕೊಂಡೆವು. 1913ರಿಂದ ಬರುತ್ತಿರುವ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ ಹಳೆಯ ಸಂಪುಟಗಳು, ಎಷ್ಟು ಉಳಿದಿವೆಯೋ ಅಷ್ಟು, ಘಟ್ಟದ ಮೇಲಿನವರ ಪಾಲಿಗೆ. ಅಲ್ಲಿ ಉಪ್ಪು ಗಾಳಿ ಇಲ್ಲ.

ಪ್ರಯೋಗದ ವರ್ಷ ಮುಗಿದ ಮೇಲೆ ಬೈಲಾ ತಿದ್ದುವ ಕೆಲಸ. ಅದನ್ನು ಉದ್ದ ಬರೆಯುವಂಥದ್ದೇನಿಲ್ಲ. ಸರ್ವ ಸದಸ್ಯರ ಸಭೆ, ಠರಾವು, ಸಹಿ, ಕಚೇರಿಗೆ ಅಲೆದಾಟ. ‘ಲೇಖನಗಳ ವಿನಿಮಯ’ ಅನ್ನುವ ಸಾಲು ಉಳಿಯಿತು, ಅದರ ಮೇಲೆ ಹೊಸ ಸಾಲು ಬಂತು: ಜಿಲ್ಲೆಯ ಆರೋಗ್ಯ ಸಿಬ್ಬಂದಿಗೆ ಪ್ರಕಟಿತ ಆಧಾರಗಳನ್ನು ಹುಡುಕಿ, ಪರಿಶೀಲಿಸಿ ಒದಗಿಸುವುದು. ಸದಸ್ಯತ್ವವನ್ನೂ ತೆರೆದೆವು. ಈಗ ನಮ್ಮ ಜೊತೆ ಇಬ್ಬರು ಸ್ಟಾಫ್ ನರ್ಸ್, ಒಬ್ಬರು ಫಾರ್ಮಸಿಸ್ಟ್, ಸಂಖ್ಯಾಶಾಸ್ತ್ರ ಕಲಿಸುವ ಒಬ್ಬರು ಇದ್ದಾರೆ. ಇವರು ಬಂದ ಮೇಲೆ ಹುಡುಕಾಟದ ಗುಣಮಟ್ಟ ಎದ್ದು ಕಾಣುವಷ್ಟು ಏರಿತು. ಅಧ್ಯಯನದ ಸಂಖ್ಯೆಗಳನ್ನು ಹೇಗೆ ಓದಬೇಕು ಅಂತ ಆ ಮೇಷ್ಟ್ರು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಹೇಳಿಕೊಡುತ್ತಾರೆ.

ಇಷ್ಟೆಲ್ಲ ಯಾಕೆ ಅಂತ ಆಡಳಿತದವರು ಕೇಳಿದರೆ ನಾವು ತೋರಿಸುವುದು ಒಂದು ಹಳೆಯ ಅಧ್ಯಯನ. 1992ರಲ್ಲಿ ಅಮೆರಿಕದ ರೋಚೆಸ್ಟರ್ ಭಾಗದ ಆಸ್ಪತ್ರೆಗಳದ್ದು. ಲೈಬ್ರರಿಯಿಂದ ಮಾಹಿತಿ ಪಡೆದ 208 ಡಾಕ್ಟರುಗಳನ್ನು ಕೇಳಿದಾಗ ಶೇಕಡಾ 80ರಷ್ಟು ಜನ, ಆ ಮಾಹಿತಿಯಿಂದ ರೋಗಿಯ ವಿಷಯದಲ್ಲಿ ಏನಾದರೂ ಒಂದನ್ನು ಬೇರೆ ರೀತಿ ಮಾಡಿದ್ದಾಗಿ ಹೇಳಿದ್ದರು. ನಮ್ಮದೇ ಲೆಕ್ಕ ಬೇಕು, ಅದಕ್ಕೆ ಈಗ ಪ್ರತಿ ಉತ್ತರದ ಜೊತೆ ಒಂದು ಸಣ್ಣ ಪ್ರಶ್ನೆ ಕಳಿಸುತ್ತೇವೆ: ಇದರಿಂದ ಏನಾದರೂ ಬದಲಾಯಿತಾ? ಉತ್ತರ ಕೊಡುವವರು ಕಡಿಮೆ. ಡಾಕ್ಟರುಗಳಿಗೆ ಪುರುಸೊತ್ತಿಲ್ಲ. ಕೇಳುತ್ತಲೇ ಇರುತ್ತೇವೆ.

ಬಗೆಹರಿಯದ ಒಂದು ವಿಷಯ ಉಳಿದಿದೆ. ರೋಗಿಗಳ ಮನೆಯವರು. ಫೈಲು ಹಿಡಿದು ಲೈಬ್ರರಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಅಮ್ಮಂಗೆ ಹೀಗಂತೆ, ಕನ್ನಡದಲ್ಲಿ ಓದೋಕೆ ಏನಾದ್ರೂ ಕೊಡ್ತೀರಾ?" ಬೈಲಾದ ಪ್ರಕಾರ ನಮ್ಮ ಸೇವೆ ಸಿಬ್ಬಂದಿಗೆ ಮಾತ್ರ. ಮನೆಯವರಿಗೆ ಕೊಟ್ಟರೆ ಡಾಕ್ಟರ ಮಾತಿಗೆ ಅಡ್ಡ ಬಂದ ಹಾಗೆ ಆಗುತ್ತದೆ, ಅರ್ಧ ತಿಳಿದು ಹೆದರುತ್ತಾರೆ ಅಂತ ಸಂಘದ ಅರ್ಧ ಜನ ಹೇಳುತ್ತಾರೆ. ಹೇಗೂ ಅವರು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾರೆ, ನಾವು ಕೊಡುವುದಾದರೂ ಪರಿಶೀಲಿಸಿದ್ದು ಇರುತ್ತದೆ ಅನ್ನುವುದು ನನ್ನ ವಾದ. ಚಿಕಿತ್ಸೆ ಮಾಡುವ ಡಾಕ್ಟರು ಒಪ್ಪಿ ಸಹಿ ಹಾಕಿದ ಸರಳ ಕನ್ನಡದ ಹಾಳೆಗಳನ್ನು ಮಾತ್ರ ಕೊಡೋಣ, ಮೊದಲು ಸಕ್ಕರೆ ಕಾಯಿಲೆ, ಡಯಾಲಿಸಿಸ್, ಮಂಗನ ಕಾಯಿಲೆ ಈ ಮೂರಕ್ಕೆ ಮಾಡೋಣ, ಕಾರವಾರ ಕಡೆಗೆ ಕೊಂಕಣಿಯಲ್ಲೂ ಓದಿ ಹೇಳುವ ವ್ಯವಸ್ಥೆ ಇರಲಿ ಅಂತ ಬರೆದು ಎಲ್ಲರಿಗೂ ಕಳಿಸಿದ್ದೇನೆ. ಖಜಾಂಚಿ ಈ ಸಲ ನನ್ನ ಕಡೆ ಇದ್ದಾರೆ. ನರ್ಸಿಂಗ್ ಕಾಲೇಜಿನ ಆ ಹುಡುಗಿ ಇನ್ನೂ ಒಪ್ಪಿಲ್ಲ, ಅವಳ ತಕರಾರುಗಳಿಗೆ ಉತ್ತರ ಹುಡುಕುತ್ತಿದ್ದೇನೆ. ಮುಂದಿನ ಸಭೆ ಕುಮಟಾದಲ್ಲಿ, ಅಜೆಂಡಾದಲ್ಲಿ ಇದು ಮೊದಲ ವಿಷಯ.